ಹತಾರದ ಮಾತು: ದಿಂಬಿನ ಕೆಳಗಿನ ಕೊಡಲಿ

ಕೈಕೊಡಲಿಗೆ ಕಾವು ಕೂರಿಸುವ ಬಗೆಯನ್ನು ಕುರಿತು ಎರಡು ಸಂಚಿಕೆಗಳ ಹಿಂದೆ ಬರೆದಿದ್ದೆ. ಬಂದ ಪತ್ರಗಳಲ್ಲಿ ಕಾವಿನ ಬಗ್ಗೆ ಕೇಳಿದವರು ಕಡಿಮೆ, ಆತ್ಮರಕ್ಷಣೆಯ ಬಗ್ಗೆ ಕೇಳಿದವರೇ ಹೆಚ್ಚು. ಕಮ್ಮಾರನ ಮಗಳಾಗಿ ಹುಟ್ಟಿ, ಮರ ಕೆತ್ತಿಕೊಂಡೇ ಬದುಕಿದ ನನಗೆ ಆ ಪತ್ರಗಳನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ. ಈ ಸಲ ಕತ್ತಿ, ಉಳಿ, ಗರಗಸದ ಪ್ರಶ್ನೆಗಳೆಲ್ಲ ಕಾಯಲಿ. ಕೊಡಲಿಯ ಮಾತನ್ನು ಮೊದಲು ಆಡಿ ಮುಗಿಸುತ್ತೇನೆ.

ಪ್ರಶ್ನೆ: ಅಕ್ಕಾ, ನಾನು ಒಬ್ಬಳೇ ಇರುತ್ತೇನೆ. ಪಕ್ಕದ ಬೀದಿಯಲ್ಲಿ ಕಳ್ಳತನವಾದ ಮೇಲೆ ನನ್ನ ಅಣ್ಣ ಟಾಮಹಾಕ್ ಎಂಬ ಒಂದು ಸಣ್ಣ ಕೊಡಲಿ ತರಿಸಿ ಕಳುಹಿಸಿದ್ದಾನೆ. ಕಪ್ಪು ಬಣ್ಣದ ಉಕ್ಕು. ಒಂದು ಕಡೆ ಅಲಗು, ಇನ್ನೊಂದು ಕಡೆ ಹಕ್ಕಿಯ ಕೊಕ್ಕಿನಂಥ ಮೊನೆ. ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತೇನೆ. ಇದನ್ನು ಬೀಸುವ ಅಭ್ಯಾಸವನ್ನು ಹೇಗೆ ಮಾಡಬೇಕು?
– ಹೆಸರು ಬೇಡ ಎಂದವರು

ಉತ್ತರ: ನನ್ನನ್ನು ಅಕ್ಕಾ ಎಂದು ಕರೆದಿದ್ದೀಯೆ, ಅದೇ ಸಲಿಗೆಯಲ್ಲಿ ಹೇಳುತ್ತೇನೆ. ತಂಗಿ, ಮೊದಲು ಅದನ್ನು ದಿಂಬಿನ ಕೆಳಗಿನಿಂದ ತೆಗೆ. ನಾಳೆಯಲ್ಲ, ಇದನ್ನು ಓದಿ ಮುಗಿಸಿದ ಕೂಡಲೇ. ನಿದ್ದೆಯಲ್ಲಿ ಕೈ ಎಲ್ಲಿಗೆ ಹೋಗುತ್ತದೆಂದು ಯಾರಿಗೂ ಗೊತ್ತಿರುವುದಿಲ್ಲ.

ಇಪ್ಪತ್ತಾರು ವರ್ಷಗಳ ಹಿಂದೆ ನಾನೂ ಹೀಗೆಯೇ ಮಲಗುತ್ತಿದ್ದೆ. ಅಪ್ಪ ತೀರಿಕೊಂಡ ವರ್ಷ ಅದು. ಕೆಲಸದ ಕೊಟ್ಟಿಗೆಯ ಹಿಂದಿನ ಕೋಣೆಯಲ್ಲಿ ನಾನೊಬ್ಬಳೇ. ಮಂಚದ ಪಕ್ಕದಲ್ಲಿ ಅಪ್ಪನೇ ಬಡಿದುಕೊಟ್ಟಿದ್ದ ಅರ್ಧ ಕಿಲೋ ತಲೆಯ ಕೈಕೊಡಲಿ ಇರುತ್ತಿತ್ತು. ಒಂದು ಮಳೆಯ ರಾತ್ರಿ ಬಾಗಿಲಿನ ಬೀಗ ತಿರುಗಿದ ಸದ್ದಾಯಿತು. ಎದ್ದು ಕತ್ತಲಲ್ಲೇ ಬಾಗಿಲ ಮರೆಗೆ ನಿಂತೆ. ಕೊಡಲಿ ಭುಜದ ಮೇಲಕ್ಕೆ ಬಂದಿತ್ತು. ಅದನ್ನು ಎತ್ತಿದ ನೆನಪು ನನಗೆ ಇವತ್ತಿಗೂ ಇಲ್ಲ. ಒಳಗೆ ಕಾಲಿಟ್ಟವನು ನನ್ನ ತಮ್ಮ. ಅವನ ಬಳಿ ಇನ್ನೊಂದು ಬೀಗದ ಕೈ ಇದ್ದುದನ್ನು ಮರೆತೇಬಿಟ್ಟಿದ್ದೆ. ನನ್ನ ನಿದ್ದೆ ಕೆಡಬಾರದೆಂದು ಅವನು ಒದ್ದೆ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು, ದೀಪ ಹಾಕದೆ ಬಂದಿದ್ದ. ಶೀತವಾಗಿತ್ತೆಂದು ಕಾಣುತ್ತದೆ, ಒಮ್ಮೆ ಕೆಮ್ಮಿದ. ಆ ಕೆಮ್ಮಿನ ಗುರುತು ಸಿಕ್ಕಿತು. ಕೊಡಲಿಯನ್ನು ಕೆಳಗಿಡಲು ಹೋದರೆ ನನ್ನ ಬೆರಳುಗಳು ಬಿಚ್ಚಿಕೊಳ್ಳಲಿಲ್ಲ. ಅವನೇ ಒಂದೊಂದಾಗಿ ಬಿಡಿಸಿದ. ಅಂದಿನಿಂದ ಆ ಕೊಡಲಿ ಮಲಗುವ ಕೋಣೆಗೆ ಬಂದಿಲ್ಲ.

ಇನ್ನು ಕಸುಬಿನವಳಾಗಿ ಹೇಳುವ ಮಾತು. ಕೊಡಲಿಯ ಗುಣವೆಲ್ಲ ಅದರ ತೂಕ ಎಲ್ಲಿದೆ ಎಂಬುದರಲ್ಲಿದೆ. ಚಾಕುವಿನ ತೂಕ ಮುಷ್ಟಿಯ ಹತ್ತಿರ, ಕೊಡಲಿಯ ತೂಕ ಕಾವಿನ ತುದಿಯಲ್ಲಿ. ಅರ್ಧ ಕಿಲೋ ತಲೆ ಸೆಕೆಂಡಿಗೆ ಹತ್ತು ಮೀಟರ್ ವೇಗದಲ್ಲಿ ಬಂದರೆ ಇಪ್ಪತ್ತೈದು ಜೂಲ್ ಶಕ್ತಿ ಕೂದಲೆಳೆಯಷ್ಟು ತೆಳುವಾದ ಗೆರೆಯ ಮೇಲೆ ಬಂದು ಕೂರುತ್ತದೆ. ಮರ ಸೀಳುವುದು ಇದರಿಂದಲೇ. ಆದರೆ ಏಟು ಹೊರಟ ಮೇಲೆ ಅದು ನಿನ್ನದಲ್ಲ. ನಡುವೆ ತಡೆಯಲಾಗದು, ಕಡಿಮೆ ಮಾಡಲಾಗದು, ದಿಕ್ಕು ತಿರುಗಿಸಲಾಗದು. ಮರ ನಿಂತಲ್ಲೇ ನಿಂತಿರುತ್ತದೆ, ಆದ್ದರಿಂದ ನಮಗೆ ಇದು ಕಾಣಿಸುವುದಿಲ್ಲ. ಮನುಷ್ಯ ಸರಿಯುತ್ತಾನೆ. ಏಟು ತಪ್ಪಿದರೆ ಆ ತೂಕ ನಿನ್ನ ಭುಜವನ್ನೂ ಎಳೆದುಕೊಂಡು ಮುಂದೆ ಹೋಗುತ್ತದೆ, ನಿನ್ನ ಪಕ್ಕೆ ಬಯಲಾಗಿ ನಿಲ್ಲುತ್ತದೆ. ಮತ್ತೆ ಎತ್ತುವಷ್ಟರಲ್ಲಿ ಎದುರಿನವನ ಕೈ ಕಾವಿನ ಮೇಲಿರುತ್ತದೆ. ಏಟು ತಾಗಿದರೂ ಅಲಗು ಸಿಕ್ಕಿಹಾಕಿಕೊಳ್ಳುವುದುಂಟು. ಅದೂ ಮಲಗುವ ಕೋಣೆ: ಬಾಗಿಲ ಚೌಕಟ್ಟು, ಪರದೆ, ಮಂಚದ ಕಂಬ ಎಲ್ಲವೂ ಬೀಸುವ ದಾರಿಯಲ್ಲೇ ಇರುತ್ತವೆ. ಆ ಕೊಕ್ಕಿನಂಥ ಮೊನೆಯಂತೂ ನನಗೆ ಬಹಳ ಭಯ ಹುಟ್ಟಿಸುತ್ತದೆ. ಗಟ್ಟಿ ವಸ್ತುವಿಗೆ ಬಡಿದು ಕೊಡಲಿ ಹಿಂದಕ್ಕೆ ಪುಟಿದರೆ ಮೊದಲು ಬರುವುದು ಆ ಮೊನೆ, ಬರುವುದು ಬೀಸಿದವರ ಹಣೆಗೆ.

ಒಬ್ಬ ಹಳೆಯ ಮನುಷ್ಯನ ಮಾತು ಹೇಳುತ್ತೇನೆ. 1991ರಲ್ಲಿ ಆಲ್ಪ್ಸ್ ಪರ್ವತದ ಮಂಜುಗಡ್ಡೆಯಲ್ಲಿ ಒಂದು ಶವ ಸಿಕ್ಕಿತು. ಓಟ್ಜಿ ಎಂದು ಹೆಸರಿಟ್ಟರು. ಐದು ಸಾವಿರ ವರ್ಷಕ್ಕೂ ಹಿಂದಿನವನು. ಪಕ್ಕದಲ್ಲೇ ಅವನ ಕೊಡಲಿಯಿತ್ತು: ಹೆಚ್ಚುಕಡಿಮೆ ಅಪ್ಪಟ ತಾಮ್ರದ ಅಲಗು, ಯೂ ಮರದ ಸುಮಾರು 60 ಸೆಂಟಿಮೀಟರ್ ಉದ್ದದ ಕಾವು, ಬರ್ಚ್ ಮರದ ಅಂಟು, ಮೇಲೆ ತೊಗಲಿನ ಪಟ್ಟಿ. ಅದರ ಚಿತ್ರ ನೋಡಿದಾಗ ನನಗೆ ಕೈ ಮುಗಿಯಬೇಕೆನಿಸಿತು, ಅಷ್ಟು ಚೆಂದದ ಕೆಲಸ. ಹತ್ತು ವರ್ಷ ಕಳೆದ ಮೇಲೆ, 2001ರಲ್ಲಿ, ಅವನ ಎಡಭುಜದೊಳಗೆ ಕಲ್ಲಿನ ಬಾಣದ ಮೊನೆ ಇರುವುದು ಎಕ್ಸ್‌ರೇಯಲ್ಲಿ ಕಂಡಿತು. ಬಾಣ ಹಿಂದಿನಿಂದ ಬಂದಿತ್ತು. ಬಾಣ ಬಿಟ್ಟವನು ಆಗ ಆ ಕೊಡಲಿಗೆ ಎಟುಕುವಷ್ಟು ಹತ್ತಿರ ಇರಲಿಲ್ಲ.

ಹಾಗಾದರೆ ಏನು ಮಾಡಬೇಕು? ಬಾಗಿಲನ್ನು ನೋಡು. ಎಷ್ಟೋ ಬಾಗಿಲುಗಳಲ್ಲಿ ಬೀಗ ಗಟ್ಟಿಯಾಗಿರುತ್ತದೆ, ಬೀಗದ ನಾಲಿಗೆ ಕೂರುವ ತಗಡನ್ನು ಹಿಡಿದ ಸ್ಕ್ರೂ ಮಾತ್ರ ಬೆರಳ ಗೆಣ್ಣಿನಷ್ಟು ಗಿಡ್ಡ. ಒಂದು ಒದೆತಕ್ಕೆ ಚೌಕಟ್ಟು ಸೀಳಿ ಬರುತ್ತದೆ. ಅಲ್ಲಿಗೂ ಕೀಲುಗಳಿಗೂ ಮೂರಂಗುಲದ ಸ್ಕ್ರೂ ಹಾಕಿಸು. ಮಲಗುವ ಕೋಣೆಗೆ ಒಳಗಿನಿಂದ ಅಗುಳಿ ಇರಲಿ. ಹೊರಗೆ ದೀಪ ಉರಿಯಲಿ. ದಿಂಬಿನ ಪಕ್ಕ ಚಾರ್ಜ್ ಆದ ಮೊಬೈಲ್, ಟಾರ್ಚ್, ಜೋರಾಗಿ ಕೂಗುವ ಒಂದು ಸೀಟಿ. ಸೀಟಿ ಕೇಳಿದರೆ ಬರುತ್ತೇನೆಂದು ಒಪ್ಪಿದ ಒಬ್ಬ ನೆರೆಯವರು. ಹಿಂದಿನ ಬಾಗಿಲಿನಿಂದ ಹೊರಗೆ ಹೋಗುವ ದಾರಿಯನ್ನು ಕತ್ತಲಲ್ಲಿ ಒಮ್ಮೆ ನಡೆದು ನೋಡು. ಕಳ್ಳ ಒಯ್ಯುವ ವಸ್ತು ಒಯ್ಯಲಿ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಬಾರದೆಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಕಾನೂನಿನ ಮಾತೂ ಇದೆ. ದೇಶದಿಂದ ದೇಶಕ್ಕೆ ನಿಯಮ ಬೇರೆ. ಆದರೆ ಆತ್ಮರಕ್ಷಣೆ ಎಂದು ಹೇಳಿಕೊಂಡವರಿಗೆ ಸಾಮಾನ್ಯವಾಗಿ ಎದುರಾಗುವ ಪ್ರಶ್ನೆಗಳು ಎರಡೇ: ಹೊಡೆಯಲೇಬೇಕಾಗಿತ್ತೇ? ಅಷ್ಟು ಹೊಡೆಯಬೇಕಾಗಿತ್ತೇ? ಎರಡನೆಯ ಪ್ರಶ್ನೆಗೆ ಉತ್ತರ ಕೊಡುವುದು ಕೊಡಲಿ ಹಿಡಿದವರಿಗೆ ಬಹಳ ಕಷ್ಟ, ಏಕೆಂದರೆ ಕೊಡಲಿಯಲ್ಲಿ ಸಣ್ಣ ಏಟು ಎಂಬುದಿಲ್ಲ. ಬ್ರಿಟನ್ನಿನ 1953ರ ಅಪರಾಧ ತಡೆ ಕಾಯ್ದೆ ಇನ್ನೊಂದು ಸೂಕ್ಷ್ಮವನ್ನು ಹೇಳುತ್ತದೆ. ಗಾಯಗೊಳಿಸಲೆಂದೇ ಮಾಡಿದ ವಸ್ತು, ಅದಕ್ಕಾಗಿ ಮಾರ್ಪಡಿಸಿದ ವಸ್ತು, ಅದೇ ಉದ್ದೇಶದಿಂದ ಜೊತೆಗಿಟ್ಟುಕೊಂಡ ವಸ್ತು, ಈ ಮೂರೂ ಸಾರ್ವಜನಿಕ ಸ್ಥಳದಲ್ಲಿ ಆಯುಧಗಳೇ. ಅಂದರೆ ಸೌದೆಗೆಂದು ಒಯ್ದರೆ ಉಪಕರಣವಾದ ಕೊಡಲಿ, ‘ಯಾರಾದರೂ ಬಂದರೆ ಇರಲಿ’ ಎಂದು ಒಯ್ದರೆ ಆಯುಧವಾಗುತ್ತದೆ. ನೀನಿರುವ ಕಡೆ ಏನಿದೆ ಎಂಬುದನ್ನು ವಕೀಲರೊಬ್ಬರಿಂದ ಕೇಳಿ ತಿಳಿದುಕೋ. ಅದನ್ನು ಚೀಲದಲ್ಲಿ ಹಾಕಿಕೊಂಡು ಓಡಾಡುವ ಯೋಚನೆಯಿದ್ದರೆ ಈಗಲೇ ಬಿಡು.

ಬಾಗಿಲು ಮುರಿದು, ಓಡಲು ದಾರಿಯಿಲ್ಲದೆ, ಪ್ರಾಣದ ಮೇಲೆಯೇ ಬಂದಾಗ ಕೈಗೆ ಸಿಕ್ಕಿದ್ದನ್ನು ಹಿಡಿದವಳನ್ನು ನಾನು ಎಂದೂ ದೂರುವುದಿಲ್ಲ. ಅಂಥ ಒಂದು ಗಳಿಗೆಗಾಗಿ ನೂರಾರು ರಾತ್ರಿ ಹರಿತವಾದ ಕೊಡಲಿಬಾಯಿಯ ಜೊತೆ ಮಲಗಬೇಡ ಎನ್ನುತ್ತಿದ್ದೇನೆ. ಅಣ್ಣನ ಮೇಲೆ ಬೇಸರ ಬೇಡ, ದೂರದಲ್ಲಿದ್ದವನಿಗೆ ತೋಚಿದ್ದನ್ನು ಮಾಡಿದ್ದಾನೆ. ಒಮ್ಮೆ ಬಂದು ಆ ಸ್ಕ್ರೂಗಳನ್ನು ಹಾಕಿಕೊಟ್ಟು ಹೋಗಲು ಹೇಳು.

ಪ್ರಶ್ನೆ: ಟಾಮಹಾಕ್ ಎಂದರೂ ಕೈಕೊಡಲಿ ಎಂದರೂ ಒಂದೇ ಅಲ್ಲವೇ? ಹೆಸರಿನಲ್ಲಷ್ಟೇ ವ್ಯತ್ಯಾಸವೇ?
– ನಿವೃತ್ತ ಶಿಕ್ಷಕರೊಬ್ಬರು

ಉತ್ತರ: ಮೇಷ್ಟ್ರೇ, ಕಣ್ಣನ್ನು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಕಾವು ತೂರುವ ರಂಧ್ರಕ್ಕೆ ನಮ್ಮ ಮನೆಯಲ್ಲಿ ಕಣ್ಣು ಎನ್ನುತ್ತಿದ್ದೆವು. ಕೈಕೊಡಲಿಯಲ್ಲಿ ಕಾವು ಕೆಳಗಿನಿಂದ ಮೇಲೆ ಹೋಗುತ್ತದೆ. ಮೇಲೆ ಬೆಣೆ ಬಡಿದು ಅದನ್ನು ಅಗಲಿಸಿ ಬಿಗಿಮಾಡುತ್ತೇವೆ. ಟಾಮಹಾಕ್‌ನಲ್ಲಿ ಕಾವು ಗುದ್ದಲಿಯ ಹಾಗೆ ಮೇಲಿನಿಂದ ಇಳಿಯುತ್ತದೆ. ತುದಿ ದಪ್ಪ, ಹಿಡಿಯುವ ಕಡೆ ಸಣ್ಣ. ಬೆಣೆಯೇ ಬೇಡ, ಬೀಸಿದಷ್ಟೂ ತಲೆ ತಾನಾಗಿ ಬಿಗಿಯಾಗುತ್ತದೆ. ಕಾಡಿನ ನಡುವೆ ಕಾವು ಮುರಿದರೆ ಒಂದು ಕೊಂಬೆ ಕಡಿದು, ಚಾಕುವಿನಲ್ಲಿ ಹೆರೆದು, ತಲೆಯೊಳಗೆ ಇಳಿಬಿಟ್ಟರೆ ಮುಗಿಯಿತು. ತಲೆಯನ್ನು ಕಳಚಿ ಅಂಗೈಯಲ್ಲಿ ಹಿಡಿದು ತೊಗಲು ಹೆರೆಯಲೂ ಬಳಸಬಹುದು. ತೂಕದಲ್ಲೂ ಭೇದವಿದೆ. ಕೈಕೊಡಲಿಯ ತಲೆ ಸಾಮಾನ್ಯವಾಗಿ 450ರಿಂದ 700 ಗ್ರಾಂ, ಕಾವು 30ರಿಂದ 45 ಸೆಂಟಿಮೀಟರ್. ಟಾಮಹಾಕ್‌ನ ತಲೆ ಅದಕ್ಕಿಂತ ಹಗುರ, ಕಾವು ತುಸು ಉದ್ದ. ಹೀಗಾಗಿ ವೇಗ ಹೆಚ್ಚು, ಸೀಳುವ ಬಲ ಕಡಿಮೆ.

ಹೆಸರು ಉತ್ತರ ಅಮೆರಿಕದ ಪೂರ್ವ ಕರಾವಳಿಯದು. ಇಂದಿನ ವರ್ಜೀನಿಯಾದ ಪೌಹಾಟನ್ ಜನರ ಅಲ್ಗಾಂಕ್ವಿಯನ್ ನುಡಿಯಿಂದ ಇಂಗ್ಲಿಷಿಗೆ ಬಂದದ್ದು. ಹದಿನೇಳನೆಯ ಶತಮಾನದ ಮೊದಲ ಭಾಗದಲ್ಲಿ ಕ್ಯಾಪ್ಟನ್ ಜಾನ್ ಸ್ಮಿತ್ ಅದನ್ನು ಬರೆದಿಟ್ಟ. ಆಗ ತಲೆ ಕಲ್ಲಿನದು. ತುಪ್ಪಳದ ವ್ಯಾಪಾರದ ಜೊತೆ ಯುರೋಪಿನ ಕಬ್ಬಿಣದ ತಲೆಗಳು ಬಂದವು. ಮಾಡುವ ಬಗೆ ಬಹಳ ಸರಳ: ಕಾದ ಕಬ್ಬಿಣದ ಪಟ್ಟಿಯನ್ನು ಒಂದು ಸಲಾಕೆಯ ಸುತ್ತ ಮಡಿಸಿ ಕಣ್ಣು ಮಾಡಿ, ಎರಡು ಮಡಿಕೆಗಳ ನಡುವೆ ಉಕ್ಕಿನ ಚೂರು ಇಟ್ಟು ಕುಲುಮೆಯ ಬೆಂಕಿಯಲ್ಲೇ ಬೆಸೆಯುವುದು. ಮೈ ಮೆತ್ತನೆಯ ಕಬ್ಬಿಣ, ಬಾಯಿ ಮಾತ್ರ ಉಕ್ಕು. ಅಪ್ಪನೂ ಹಾಗೆಯೇ ಮಾಡುತ್ತಿದ್ದ. ಬೆಸುಗೆ ಕೂಡುವ ಶಾಖಕ್ಕೆ ಬಂದಾಗ ಕಬ್ಬಿಣ ಸಣ್ಣ ಕಿಡಿಗಳನ್ನು ಉಗುಳುತ್ತದೆ. ಆಗ ತಿದಿ ಒತ್ತುತ್ತಿದ್ದ ನನಗೆ ‘ಸಾಕು’ ಎನ್ನುತ್ತಿದ್ದ, ಕಣ್ಣು ಕುಲುಮೆಯಿಂದ ತೆಗೆಯದೆ.

ಇತಿಹಾಸ ಕಲಿಸಿದವರಿಗೆ ಇದು ಇಷ್ಟವಾದೀತು: ಅಮೆರಿಕದ ಪಶ್ಚಿಮ ಭಾಗವನ್ನು ಶೋಧಿಸಲು ಹೊರಟ ಲೂಯಿಸ್ ಮತ್ತು ಕ್ಲಾರ್ಕ್ ತಂಡ 1804-05ರ ಚಳಿಗಾಲವನ್ನು ಮಿಸೌರಿ ನದಿಯ ದಡದ ಫೋರ್ಟ್ ಮ್ಯಾಂಡನ್‌ನಲ್ಲಿ ಕಳೆಯಿತು. ಅವರ ಕಮ್ಮಾರರು ಅಲ್ಲಿನ ಜನರಿಗೆ ಯುದ್ಧದ ಕೊಡಲಿಗಳನ್ನು ಬಡಿದುಕೊಟ್ಟು ಮುಸುಕಿನ ಜೋಳ ಪಡೆದರು. ಆ ಚಳಿಗಾಲ ತಂಡ ಉಂಡ ಜೋಳದಲ್ಲಿ ಕುಲುಮೆಯ ದುಡಿಮೆಯ ಪಾಲು ದೊಡ್ಡದು. ಅದಕ್ಕೂ ಮೊದಲೇ, ಹದಿನೆಂಟನೆಯ ಶತಮಾನದಲ್ಲಿ, ಇನ್ನೊಂದು ಬಗೆ ಬಂದಿತ್ತು. ಒಂದು ಕಡೆ ಅಲಗು, ಇನ್ನೊಂದು ಕಡೆ ಹೊಗೆಸೊಪ್ಪಿನ ಬಟ್ಟಲು, ಕಾವೇ ಹೊಗೆಕೊಳವೆ. ಆಶ್ ಮರದ ಒಳತಿರುಳು ಮೆತ್ತಗಿರುವುದರಿಂದ ಕಾದ ತಂತಿ ತೂರಿಸಿ ಕೊಳವೆ ಮಾಡಬಹುದಿತ್ತು. ಒಪ್ಪಂದಗಳ ಸಮಯದಲ್ಲಿ ಇವು ಉಡುಗೊರೆಯಾಗಿ ಕೈಬದಲಾಯಿಸಿದವು. ಜಗಳವೂ ಸಂಧಾನವೂ ಒಂದೇ ಕಾವಿನ ಎರಡು ಪಕ್ಕದಲ್ಲಿ ಕೂತ ಇಂಥ ವಸ್ತುವನ್ನು ನಾನು ಇನ್ನೊಂದು ಕಂಡಿಲ್ಲ.

ಯುದ್ಧದಲ್ಲೂ ಬಳಕೆಯಾಯಿತು, ಅದನ್ನು ಮುಚ್ಚಿಡುವುದಿಲ್ಲ. 1775ರ ಜುಲೈನಲ್ಲಿ ಅಮೆರಿಕದ ಕಾಂಟಿನೆಂಟಲ್ ಕಾಂಗ್ರೆಸ್ ಪ್ರತಿ ಸೈನಿಕನ ಬಳಿ ಬಂದೂಕಿನ ಜೊತೆ ಕತ್ತಿಯೋ ಟಾಮಹಾಕ್ಕೋ ಇರಬೇಕೆಂದು ಸೂಚಿಸಿತು. 1966ರಿಂದ 1970ರವರೆಗೆ ಪೀಟರ್ ಲಗಾನ ಎಂಬ ಮಾಜಿ ಸೈನಿಕ ವಿಯೆಟ್ನಾಂ ಯುದ್ಧಕ್ಕೆ ಹೋಗುವವರಿಗೆ ಸುಮಾರು ನಾಲ್ಕು ಸಾವಿರ ಟಾಮಹಾಕ್‌ಗಳನ್ನು ಮಾರಿದ. ಇಂದಿನ ಕಪ್ಪು ಉಕ್ಕಿನ, ಮೊನೆಯುಳ್ಳ ಮಾದರಿಗಳು ಆ ವಂಶದವು. ಆದರೆ ಆ ಮೂಲ ಜನರ ಕೈಯಲ್ಲಿ ಇದು ಹೆಚ್ಚು ದಿನ ಮಾಡಿದ್ದು ಎಳೆಮರ ಕಡಿಯುವ, ಗುಡಾರದ ಕಂಬ ಚೂಪುಮಾಡುವ, ಬೇಟೆಯನ್ನು ಬಿಡಿಸುವ ಕೆಲಸ. ಒಂದಿಡೀ ಜನಾಂಗದ ದಿನನಿತ್ಯದ ಉಪಕರಣವನ್ನು ತಲೆ ಒಡೆಯುವ ಸಾಧನವೆಂದಷ್ಟೇ ನೆನಪಿಟ್ಟುಕೊಂಡದ್ದು ಅನ್ಯಾಯ. ಉತ್ತರ ಅಮೆರಿಕದ ಮೂಲ ಜನರ ಹೌಡನೊಶೋನಿ ಒಕ್ಕೂಟದ ಹಿರಿಯರು ಹೇಳಿಕೊಂಡು ಬಂದ ಕಥೆಯಲ್ಲಿ ಐದು ಕುಲಗಳು ಬಿಳಿ ಪೈನ್ ಮರದ ಬುಡದಲ್ಲಿ ತಮ್ಮ ಆಯುಧಗಳನ್ನು ಹೂತುಬಿಟ್ಟವು. ಅದನ್ನೂ ಜೊತೆಗೆ ನೆನೆಯಬೇಕು. ನಮ್ಮ ‘ಹತಾರ’ ಎಂಬ ಪದಕ್ಕೂ ಸಲಕರಣೆ, ಆಯುಧ ಎಂಬ ಎರಡು ಅರ್ಥಗಳಿವೆ. ಈ ಅಂಕಣಕ್ಕೆ ಆ ಹೆಸರಿಡುವಾಗ ಸಂಪಾದಕರು ಹಿಂಜರಿದಿದ್ದರು, ನಾನು ಹಟ ಹಿಡಿದೆ.

ಪ್ರಶ್ನೆ: ದೊಡ್ಡ ಕೊಡಲಿಗಿಂತ ಕೈಕೊಡಲಿಯೇ ಅಪಾಯಕಾರಿ ಎಂದು ಬರೆದಿದ್ದೀರಿ. ನಾನು ನಲವತ್ತು ವರ್ಷದಿಂದ ಸೌದೆ ಒಡೆಯುತ್ತಿದ್ದೇನೆ. ಈ ಮಾತನ್ನು ಒಪ್ಪಲಾರೆ.
– ಒಬ್ಬ ಹಿರಿಯ ಓದುಗರು

ಉತ್ತರ: ಅಣ್ಣಾ, ನಿಮ್ಮ ಅನುಭವಕ್ಕೆ ಗೌರವ ಕೊಟ್ಟೇ ಹೇಳುತ್ತೇನೆ, ನನ್ನ ಮಾತು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಉದ್ದ ಕಾವಿನ ಕೊಡಲಿ ಗುರಿ ತಪ್ಪಿದರೆ ಅದರ ಸುತ್ತು ನಿಮ್ಮ ಪಾದದ ಮುಂದೆ, ನೆಲದಲ್ಲಿ ಮುಗಿಯುತ್ತದೆ. ಕಾವು ಗಿಡ್ಡವಾದಷ್ಟೂ ಸುತ್ತು ಚಿಕ್ಕದಾಗುತ್ತದೆ, ನೆಲಕ್ಕಿಂತ ಮೊದಲು ನಿಮ್ಮ ಮೊಣಕಾಲು ಸಿಗುತ್ತದೆ. ನನ್ನ ಎಡ ಮೊಣಕಾಲಿನ ಕೆಳಗೆ ನಾಲ್ಕಂಗುಲದ ಗೀರು ಇದೆ. ಹತ್ತೊಂಬತ್ತನೆಯ ವಯಸ್ಸಿನದು. ನಿಂತುಕೊಂಡು, ಎಡಗೈಯಲ್ಲಿ ಮರದ ತುಂಡು ಹಿಡಿದು, ಬಲಗೈಯಲ್ಲಿ ಕೈಕೊಡಲಿ ಬೀಸಿದೆ. ಗಂಟಿಗೆ ತಾಗಿ ಜಾರಿತು. ಮೊದಲು ನೋವೇ ಆಗಲಿಲ್ಲ, ಬಿಸಿ ನೀರು ಚೆಲ್ಲಿದಂತಾಯಿತು. ಅಪ್ಪ ತನ್ನ ಪಂಚೆಯನ್ನೇ ಮಡಿಸಿ ಗಾಯದ ಮೇಲೆ ಒತ್ತಿ ಹಿಡಿದು, ಆಸ್ಪತ್ರೆ ತಲುಪುವವರೆಗೆ ಕೈ ಎತ್ತಲಿಲ್ಲ. ಅದೇ ಸರಿಯಾದ ಕ್ರಮವೆಂದು ಮುಂದೆ ತಿಳಿಯಿತು: ಒತ್ತಬೇಕು, ಒತ್ತುತ್ತಲೇ ಇರಬೇಕು, ನಿಂತಿತೇ ಎಂದು ನಡುನಡುವೆ ತೆರೆದು ನೋಡಬಾರದು. ರಕ್ತ ಚಿಮ್ಮುತ್ತಿದ್ದು ಒತ್ತಡಕ್ಕೂ ನಿಲ್ಲದಿದ್ದರೆ ಗಾಯದಿಂದ ನಾಲ್ಕು ಬೆರಳು ಮೇಲೆ, ಕೀಲನ್ನು ಬಿಟ್ಟು, ಅಗಲವಾದ ಪಟ್ಟಿ ಬಿಗಿದು, ಬಿಗಿದ ಸಮಯ ಬರೆದಿಟ್ಟು ಆಸ್ಪತ್ರೆಗೆ ಒಯ್ಯಬೇಕು.

ಅಂದಿನಿಂದ ನಾನು ಕೈಕೊಡಲಿ ಹಿಡಿದರೆ ಮಂಡಿಯೂರುತ್ತೇನೆ, ನಡುವೆ ಅಗಲವಾದ ಕೊರಡು ಇರುತ್ತದೆ. ಸಣ್ಣ ಸೌದೆ ಸೀಳಲು ಬೀಸುವುದೇ ಇಲ್ಲ. ಕೊಡಲಿಯ ಬಾಯಿಯನ್ನು ತುಂಡಿನ ತಲೆಗೆ ತಾಗಿಸಿ, ಎರಡನ್ನೂ ಒಟ್ಟಿಗೆ ಎತ್ತಿ ಕೊರಡಿನ ಮೇಲೆ ಕುಕ್ಕುತ್ತೇನೆ. ಬೆರಳು ಅಲಗಿನ ದಾರಿಗೆ ಬರುವುದೇ ಇಲ್ಲ. ನಿಮಗೆ ನಲವತ್ತು ವರ್ಷ ಏನೂ ಆಗಿಲ್ಲವೆಂದರೆ ನನಗೆ ಸಂತೋಷ. ಆದರೂ ಒಂದು ವಾರ ಮಂಡಿಯೂರಿ ನೋಡಿ.

ಪ್ರಶ್ನೆ: ಗೋಡೆಗೆ ನಿಲ್ಲಿಸಿದ ಹಲಗೆಗೆ ಟಾಮಹಾಕ್ ಎಸೆದು ನಾಟಿಸುವುದನ್ನು ಕಲಿಯಬೇಕು. ಹದಿನೇಳು ವರ್ಷ. ಜಗಳದಲ್ಲಿ ಇದು ಉಪಯೋಗಕ್ಕೆ ಬರುತ್ತದೆಯೇ?
– ಒಬ್ಬ ವಿದ್ಯಾರ್ಥಿ

ಉತ್ತರ: ಆಟವಾಗಿ ಕಲಿ, ತಿಳಿದವರ ಎದುರಿಗೆ. ಮೂರೂವರೆ ನಾಲ್ಕು ಮೀಟರ್ ದೂರದಿಂದ ಎಸೆದರೆ ಅದು ಗಾಳಿಯಲ್ಲಿ ಒಂದು ಸುತ್ತು ಸುತ್ತಿ ಬಾಯಿಯ ಕಡೆಯಿಂದ ತಾಗುತ್ತದೆ. ಒಂದು ಹೆಜ್ಜೆ ಹೆಚ್ಚುಕಡಿಮೆಯಾದರೆ ಕಾವು ಬಡಿದು ನಿನ್ನತ್ತಲೇ ಪುಟಿಯುತ್ತದೆ. ಹಲಗೆಯ ಹಿಂದೆಯೂ ಅಕ್ಕಪಕ್ಕದಲ್ಲಿಯೂ ಯಾರೂ ಇರಬಾರದು. ಎಲ್ಲರೂ ಎಸೆದು ಮುಗಿಯುವವರೆಗೆ ತರಲು ಹೋಗಬಾರದು. ಜಗಳದಲ್ಲಿ ಇದರಿಂದ ಪ್ರಯೋಜನವಿಲ್ಲ, ಮಗು. ದೂರ ಅಳೆದು ನಿಂತುಕೊಳ್ಳುವ ಎದುರಾಳಿ ಇರುವುದಿಲ್ಲ. ಕೈಯಲ್ಲಿದ್ದುದನ್ನೂ ಅವನಿಗೆ ಕೊಟ್ಟಂತಾಗುತ್ತದೆ. ಜಗಳದಿಂದ ದೂರ ನಡೆ. ಎಲ್ಲ ವಯಸ್ಸಿನವರಿಗೂ ಹೇಳುವುದು ಇದನ್ನೇ.

ಪ್ರಶ್ನೆ: ಮೊದಲ ಕೈಕೊಡಲಿ ಕೊಳ್ಳುವಾಗ ಏನು ನೋಡಬೇಕು? ಕಾವು ಸಡಿಲವಾದರೆ ನೀರಿನಲ್ಲಿ ನೆನೆಹಾಕಬಹುದೇ?
– ಹೊಸದಾಗಿ ಮರಗೆಲಸ ಕಲಿಯುತ್ತಿರುವವರು

ಉತ್ತರ: ಅಂಗಡಿಯಲ್ಲಿ ಎಲ್ಲರೂ ಅಲಗಿನ ಹೊಳಪು ನೋಡುತ್ತಾರೆ. ನೀವು ಕಾವಿನ ಬುಡವನ್ನು ಕಣ್ಣ ಮುಂದೆ ಹಿಡಿದು ಮರದ ಎಳೆಗಳನ್ನು ನೋಡಿ. ಎಳೆಗಳು ಅಲಗಿನ ದಿಕ್ಕಿಗೇ ನೇರವಾಗಿ ಸಾಗಿರಬೇಕು. ಅಡ್ಡಡ್ಡ ಓಡಿದ್ದರೆ ಅಥವಾ ಕಾವಿನ ನಡುವೆಯೇ ಎಳೆ ಹೊರಬಿದ್ದಿದ್ದರೆ ಒಂದು ದಿನ ಅಲ್ಲಿಂದಲೇ ಮುರಿಯುತ್ತದೆ. ಬಣ್ಣ ಅಥವಾ ದಪ್ಪ ವಾರ್ನಿಶ್ ಬಳಿದಿದ್ದರೆ ಎಳೆ ಕಾಣಿಸುವುದಿಲ್ಲ. ಅಂಥದ್ದನ್ನು ನಾನು ಕೊಳ್ಳುವುದಿಲ್ಲ. ಹಿಕರಿ ಮತ್ತು ಆಶ್ ಮರಗಳು ಒಳ್ಳೆಯ ಹೆಸರು ಪಡೆದದ್ದು ಏಟಿನ ಅದುರುವಿಕೆಯನ್ನು ನುಂಗಿಕೊಳ್ಳುವ ಗುಣದಿಂದ. ಆಮೇಲೆ ಕೊಡಲಿಯನ್ನು ಕಣ್ಣಿನ ನೇರಕ್ಕೆ ಹಿಡಿದು ನೋಡಿ, ಅಲಗಿನ ಗೆರೆ ಕಾವಿನ ನಡುಗೆರೆಯ ಮೇಲೆ ಬರಬೇಕು. ಮೊದಲನೆಯದಕ್ಕೆ ಐನೂರು, ಆರುನೂರು ಗ್ರಾಂ ತಲೆ ಸಾಕು. ಅಲಗಿಗೆ ತೊಗಲಿನ ಹೊದಿಕೆ ಇರಲೇಬೇಕು.

ನೀರಿನಲ್ಲಿ ನೆನೆಹಾಕಬೇಡಿ. ನೆನೆದ ಮರ ಉಬ್ಬುತ್ತದೆ, ನಿಜ. ಆದರೆ ಕಬ್ಬಿಣದ ಕಣ್ಣು ಹಿಗ್ಗುವುದಿಲ್ಲವಲ್ಲ, ಉಬ್ಬಿದ ಎಳೆಗಳು ಒಳಗೇ ನಜ್ಜಾಗುತ್ತವೆ. ಒಣಗಿದ ಮೇಲೆ ಮೊದಲಿಗಿಂತ ಸಣ್ಣದಾಗಿ, ಹೆಚ್ಚು ಸಡಿಲವಾಗುತ್ತದೆ. ಬೀಸುವಾಗ ಹಾರಿ ಹೋದ ತಲೆಗಳ ಹಿಂದೆ ಈ ನೀರಿನ ಉಪಾಯವನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಕಾವನ್ನು ತಲೆಕೆಳಗಾಗಿ ಹಿಡಿದು ಬುಡದ ಮೇಲೆ ಮರದ ಸುತ್ತಿಗೆಯಿಂದ ಹೊಡೆಯಿರಿ, ತಲೆ ತಾನಾಗಿ ಕಾವಿನ ಮೇಲೆ ಏರುತ್ತದೆ. ಆಮೇಲೆ ಹೊಸ ಬೆಣೆ ಬಡಿದು, ಅಗಸೆ ಎಣ್ಣೆ ಕುಡಿಸಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆಯಬೇಡಿ, ಅದು ತಾನೇ ಕಾದು ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ. ಕೊಡಲಿಯ ಬೆನ್ನಿನಿಂದ ಕಬ್ಬಿಣದ ಬೆಣೆ ಬಡಿಯುವ ಅಭ್ಯಾಸವೂ ಬೇಡ. ಕಣ್ಣು ಹಿಗ್ಗಿ ತಲೆ ಹಾಳಾಗುತ್ತದೆ, ಚಕ್ಕೆ ಎದ್ದರೆ ನಿಮ್ಮ ಕಣ್ಣಿಗೆ.

ಪ್ರಶ್ನೆ: ಪಾಠದಲ್ಲಿ ‘ಕೈಕೊಡಲಿ’ ಎಂದು ಕಲ್ಲಿನ ಚಿತ್ರವಿದೆ. ಅದಕ್ಕೆ ಕಾವೇ ಇಲ್ಲ. ಅದನ್ನು ಏಕೆ ಕೊಡಲಿ ಎನ್ನುತ್ತಾರೆ?
– ಎಂಟನೆಯ ತರಗತಿಯ ಹುಡುಗಿ

ಉತ್ತರ: ಬಹಳ ಒಳ್ಳೆಯದನ್ನು ಗಮನಿಸಿದ್ದೀಯೆ, ಪುಟ್ಟಿ. ಪುರಾತತ್ತ್ವದವರು ಕೈಕೊಡಲಿ ಎನ್ನುವುದು ಅಂಗೈಯಲ್ಲೇ ಹಿಡಿಯುವ, ಎರಡೂ ಮುಖ ಕೆತ್ತಿದ, ಬಾದಾಮಿ ಆಕಾರದ ಕಲ್ಲಿಗೆ. ಕೀನ್ಯಾದ ತುರ್ಕಾನಾ ಸರೋವರದ ಬಳಿ ಸಿಕ್ಕವು ಸುಮಾರು 17 ಲಕ್ಷ 60 ಸಾವಿರ ವರ್ಷ ಹಳೆಯವು. ಆಗಿನ್ನೂ ನಮ್ಮಂಥ ಮನುಷ್ಯರೇ ಹುಟ್ಟಿರಲಿಲ್ಲ. ಇಂಗ್ಲೆಂಡಿನ ಬಾಕ್ಸ್‌ಗ್ರೋವ್‌ನಲ್ಲಿ ಸುಮಾರು ಐದು ಲಕ್ಷ ವರ್ಷ ಹಿಂದಿನ ಇಂಥ ಕಲ್ಲುಗಳ ಜೊತೆ ಕೊಯ್ದ ಗುರುತುಗಳಿರುವ ಪ್ರಾಣಿಗಳ ಮೂಳೆಗಳೂ ಸಿಕ್ಕಿವೆ. ಕೊಡಲಿ ಎಂಬ ಹೆಸರಿದ್ದರೂ ಮಾಂಸ ಕೊಯ್ಯುವುದು, ಮೂಳೆ ಒಡೆಯುವುದು, ಮರ ಕೆರೆಯುವುದು ಎಲ್ಲಕ್ಕೂ ಅದೊಂದೇ. ಉಜ್ಜಿ ಹರಿತಗೊಳಿಸಿ, ಕಾವು ಕಟ್ಟಲೆಂದು ಮಾಡಿದ ಕೊಡಲಿಗಳಲ್ಲಿ ತೀರಾ ಹಳೆಯದರ ಒಂದು ಚೂರು ಆಸ್ಟ್ರೇಲಿಯಾದ ವಾಯವ್ಯದ ಕಿಂಬರ್ಲಿಯಲ್ಲಿ ಸಿಕ್ಕಿದೆ. ಅದರ ವಯಸ್ಸು 44ರಿಂದ 49 ಸಾವಿರ ವರ್ಷ. ಎರಡರ ನಡುವಿನ ಅಂತರವನ್ನು ಕಳೆದು ನೋಡು. ಕೊಡಲಿಯ ಕಲ್ಲಿಗೆ ಒಂದು ಕಾವು ಕಟ್ಟುವುದಕ್ಕೆ ಎಷ್ಟು ಕಾಲ ಬೇಕಾಯಿತು! ಕಾವು ಬಂದ ಮೇಲೆ ತೋಳು ಉದ್ದವಾಯಿತು, ಏಟಿನ ವೇಗ ಹೆಚ್ಚಿತು.

ಪ್ರಶ್ನೆ: ಅಜ್ಜನ ಕಾಲದ ಕೈಕೊಡಲಿಯನ್ನು ವಿದ್ಯುತ್ ಸಾಣೆಯಂತ್ರಕ್ಕೆ ಹಿಡಿದೆ. ಬಾಯಿ ನೀಲಿ ಬಣ್ಣಕ್ಕೆ ತಿರುಗಿದೆ, ಈಗ ಒಣ ಮರಕ್ಕೆ ಹಾಕಿದರೆ ಮಡಚಿಕೊಳ್ಳುತ್ತದೆ. ಹಾಳಾಯಿತೇ?
– ಬೇಸರಗೊಂಡ ಮೊಮ್ಮಗ

ಉತ್ತರ: ಹಾಳಾಗಿಲ್ಲ, ಸಮಾಧಾನ ಮಾಡಿಕೊಳ್ಳಿ. ನೀಲಿ ಬಣ್ಣವೆಂದರೆ ಅಲ್ಲಿ ಉಕ್ಕು ಸುಮಾರು 300 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದಿದೆ, ಹದ ಇಳಿದಿದೆ ಎಂದರ್ಥ. ಕೊಡಲಿಯ ಬಾಯಿಗೆ ಒಣಹುಲ್ಲಿನ ಬಣ್ಣದಷ್ಟು ಶಾಖ ಸರಿ, ಅದನ್ನು ದಾಟಿದಷ್ಟೂ ಮೆತ್ತಗಾಗುತ್ತಾ ಹೋಗುತ್ತದೆ. ನೀಲಿ ಅಂಚಿನಲ್ಲಿ ಒಂದೆರಡು ಮಿಲಿಮೀಟರ್ ಮಾತ್ರ ಇದ್ದರೆ ಯಂತ್ರ ಮುಟ್ಟದೆ, ಕೈಯಲ್ಲಿ ಅರ ಹಿಡಿದು ಅಷ್ಟನ್ನೂ ಉಜ್ಜಿ ತೆಗೆಯಿರಿ. ಅರವನ್ನು ಬಾಯಿಯಿಂದ ಮೈಯ ಕಡೆಗೆ ತಳ್ಳುವಾಗ ಕೈಗೆ ದಪ್ಪ ಗವಸು ಇರಲಿ. ಎರಡೂ ಪಕ್ಕದಿಂದ ಸಮನಾಗಿ, ಒಟ್ಟು 25ರಿಂದ 30 ಡಿಗ್ರಿ ಕೋನ ಬರುವಂತೆ ಮಾಡಿ, ಆಮೇಲೆ ಸಾಣೆಕಲ್ಲಿನಲ್ಲಿ ಸುತ್ತು ಸುತ್ತಾಗಿ ಮಸೆಯಿರಿ. ಹೊಸ ಬಾಯಿಯಲ್ಲಿ ಒಣ ಮರಕ್ಕೆ ನಾಲ್ಕು ಏಟು ಹಾಕಿ. ಮಡಚದಿದ್ದರೆ ಗಟ್ಟಿ ಉಕ್ಕು ಸಿಕ್ಕಿತು. ಮತ್ತೂ ಮಡಚಿದರೆ ನೀಲಿ ಒಳಗೆ ದೂರ ಹೋಗಿದೆ. ಆಗ ಹದ ಬಲ್ಲ ಕಮ್ಮಾರರ ಬಳಿ ಒಯ್ದು, ಆಯಸ್ಕಾಂತ ಹಿಡಿಯದಷ್ಟು ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದ ಮಾಡಿಕೊಡಲು ಕೇಳಿ. ಅದಕ್ಕೆ ಮೊದಲು ಕಾವು ಬಿಚ್ಚಿಟ್ಟುಕೊಳ್ಳಿ. ಅದು ಅಜ್ಜನ ಕೈಯದಾದರೆ ಸುಟ್ಟುಹೋಗಬಾರದು.

ನೀಲಿ ಪೂರ್ತಿ ಹೋಯಿತೋ ಇಲ್ಲವೋ ಎಂಬುದನ್ನು ಹಳದಿ ಬಲ್ಬಿನ ಕೆಳಗೆ ನೋಡಬೇಡಿ. ಬೆಳಿಗ್ಗೆ ಕಿಟಕಿಯ ಬಳಿ ಹಿಡಿದು ನೋಡಿ.